ಎಲ್ಕ್ ಬೇಟೆಗೆ .308 ರೈಫಲ್‌ನಲ್ಲಿ ಯಾವ ಗುಂಡು?

ಅಮೆರಿಕದ ಕೊಲೊರಾಡೊದಲ್ಲಿ ಎಲ್ಕ್ (ಭಾರಿ ಗಾತ್ರದ ಜಿಂಕೆ ಜಾತಿ) ಬೇಟೆಗೆ, ಸಾಮಾನ್ಯ ಜಿಂಕೆಗೆಂದು ಕೊಂಡ 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡೇ ಸಾಕೇ ಎಂದು ಕೇಳಿದ್ದೀರಿ. ತೂಕಕ್ಕಿಂತ ಮೊದಲು ರಚನೆ ನೋಡಿ. ತೆಳು ಹೊದಿಕೆಯ ಸಾಮಾನ್ಯ ಸೀಸದ ಗುಂಡು ಹತ್ತಿರದಿಂದ ಭುಜದ ಮೂಳೆಗೆ ಬಡಿದರೆ ಚೂರಾಗಿ, ಶ್ವಾಸಕೋಶ ಮುಟ್ಟುವ ಮೊದಲೇ ನಿಲ್ಲಬಹುದು. ಪ್ರಾಣಿ ಗಾಯಗೊಂಡು ಓಡುತ್ತದೆ; ಬೇಟೆಯಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ.

ನನ್ನ ಆಯ್ಕೆ 165 ಅಥವಾ 180 ಗ್ರೇನ್‌ನ ನಾಸ್ಲರ್ ಕಂಪನಿಯ ‘ಪಾರ್ಟಿಷನ್’ ಗುಂಡು. ಹಳೆಯದು, 1948ರಿಂದ ಇದೆ, ಆದರೂ ನಂಬಬಹುದು. ಗುಂಡಿನ ನಡುವೆ ಲೋಹದ ಅಡ್ಡಗೋಡೆಯಿದೆ. ಬಡಿದಾಗ ಮುಂಭಾಗ ಅಣಬೆಯಂತೆ ಅರಳಿ ಸವೆದರೂ ಹಿಂಭಾಗ ಗಟ್ಟಿಯಾಗಿ ಒಳನುಗ್ಗುತ್ತದೆ. ಪೂರ್ತಿ ತಾಮ್ರದ ಗುಂಡಾದರೆ 150 ಗ್ರೇನ್ ಸಾಕು, ಅದು ತೂಕ ಕಳೆದುಕೊಳ್ಳುವುದೇ ಕಡಿಮೆ. ಆದರೆ ದೂರದಲ್ಲಿ ವೇಗ ಇಳಿದಾಗ ಸರಿಯಾಗಿ ಅರಳದು. ಕ್ಯಾಲಿಫೋರ್ನಿಯಾಕ್ಕೂ ಹೋಗುವುದಾದರೆ ತಾಮ್ರವನ್ನೇ ಕೊಳ್ಳಿ: 2019ರ ಜುಲೈಯಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ನಿಷಿದ್ಧ. ಗುಂಡು ಬದಲಿಸಿದ ಮೇಲೆ ರೈಫಲ್ ಮೇಲಿನ ದುರ್ಬೀನಿನ ಗುರಿಯನ್ನು ಮತ್ತೆ ಹೊಂದಿಸಿಕೊಳ್ಳಿ.