ಹಳೆ ಮೊಬೈಲು: ನೀವು ಕೇಳಿದ್ದು, ನಾವು ಹೇಳಿದ್ದು

ಈ ಸಲ ಬಂದ ಪತ್ರಗಳೆಲ್ಲ ನಾಲ್ಕೈದು ವರ್ಷ ದಾಟಿದ ಫೋನುಗಳ ಬಗ್ಗೆಯೇ. ಉತ್ತರಕ್ಕೆ ಮೊದಲು ಎಲ್ಲರಿಗೂ ಅನ್ವಯಿಸುವ ಒಂದು ಮಾತು. ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ದೋಷ ಫೋನಿನದೋ, ಕೇಬಲಿನದೋ, ಯಾವುದಾದರೂ ಆ್ಯಪಿನದೋ ಎಂದು ಮನೆಯಲ್ಲೇ ಬೇರ್ಪಡಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ಐದು ವರ್ಷದ ಫೋನು. ಚಾರ್ಜರಿನ ಪಿನ್ನನ್ನು ಓರೆಯಾಗಿ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ. ಅಂಗಡಿಯವರು "ಬೋರ್ಡ್ ಹೋಗಿದೆ" ಎಂದು ದೊಡ್ಡ ಮೊತ್ತ ಹೇಳಿದರು. ಮಾಡಿಸಲೇ?
— ಓದುಗರು, ಡೊಂಬಿವಲಿ

ಈಗಲೇ ಮಾಡಿಸಬೇಡಿ. ದಿನಾ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಪ್ಯಾಂಟಿನ ಜೇಬಿನೊಳಗೆ ಓಡಾಡುವ ಫೋನು ಇದು. ಜೇಬಿನ ನೂಲು, ಧೂಳು ಚಾರ್ಜಿಂಗ್ ತೂತಿಗೆ ಸೇರಿಕೊಳ್ಳುತ್ತವೆ. ಪಿನ್ ತೂರಿಸಿದಾಗಲೆಲ್ಲ ಅದು ತಳಕ್ಕೆ ಒತ್ತಿಕೊಂಡು ಗಟ್ಟಿ ಬಿಲ್ಲೆಯಂತಾಗುತ್ತದೆ. ಆಮೇಲೆ ಪಿನ್ ಪೂರ್ತಿ ಒಳಗೆ ಇಳಿಯುವುದಿಲ್ಲ. ಟೈಪ್-ಸಿ ಪಿನ್ ಸರಿಯಾಗಿ ಕೂತಾಗ ಬೆರಳಿಗೆ 'ಟಕ್' ಎಂದು ತಿಳಿಯುತ್ತದೆ, ಲೋಹದ ಭಾಗ ಹೊರಗೆ ಉಳಿಯುವುದಿಲ್ಲ. ನಿಮ್ಮದರಲ್ಲಿ ಒಂದು ಮಿಲಿಮೀಟರಿನಷ್ಟು ಲೋಹ ಹೊರಗೆ ಕಾಣುತ್ತಿದ್ದರೆ ಒಳಗೆ ಕಸ ಕೂತಿದೆ ಎಂದೇ ಲೆಕ್ಕ.

ಆದರೂ ಮೊದಲು ನೋಡಬೇಕಾದ್ದು ಕೇಬಲನ್ನು. ಟೈಪ್-ಸಿಯಲ್ಲೂ ಹಳೆಯ ಮೈಕ್ರೋ ಯುಎಸ್‌ಬಿಯಲ್ಲೂ ಬಿಗಿಹಿಡಿಯುವ ಸ್ಪ್ರಿಂಗ್ ಇರುವುದು ಕೇಬಲಿನ ಪಿನ್ನಿನಲ್ಲಿ, ಫೋನಿನಲ್ಲಲ್ಲ. ಸವೆದರೆ ಅಗ್ಗದ ಕೇಬಲ್ ಸವೆಯಲಿ, ಫೋನು ಉಳಿಯಲಿ ಎಂದೇ ಹಾಗೆ ಮಾಡಿದ್ದಾರೆ. ಪಕ್ಕದ ಮನೆಯವರ ಹೊಸ ಕೇಬಲ್ ತಂದು ಹಾಕಿ. ಅದು ಗಟ್ಟಿಯಾಗಿ ಕೂತರೆ ನಿಮ್ಮ ಖರ್ಚು ಒಂದು ಕೇಬಲಿನದಷ್ಟೇ.

ಅದೂ ಅಲ್ಲಾಡಿದರೆ ಶುಚಿ ಮಾಡಬೇಕು. ಫೋನನ್ನು ಆಫ್ ಮಾಡಿ. ಮರದ ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಿಂದ ತೆಳುವಾಗಿ, ಚಪ್ಪಟೆಯಾಗಿ ಕೆತ್ತಿಕೊಳ್ಳಿ. ಟಾರ್ಚ್ ಬಿಟ್ಟು ನೋಡಿದರೆ ತೂತಿನ ನಡುವೆ ಒಂದು ತೆಳು ನಾಲಿಗೆ ಕಾಣುತ್ತದೆ. ಅದರ ಎರಡೂ ಮೈಮೇಲೆ ಸಂಪರ್ಕದ ಗೆರೆಗಳಿವೆ, ಪೂರ್ಣ ಜೋಡಣೆಯ ಜ್ಯಾಕಿನಲ್ಲಿ ತಲಾ 12. ಆ ನಾಲಿಗೆಯ ಮೇಲೆ ಭಾರ ಹಾಕಬೇಡಿ. ಹೊರಗೋಡೆಗೆ ತಾಗಿಸಿಕೊಂಡು ಕಡ್ಡಿಯನ್ನು ತಳದವರೆಗೆ ಇಳಿಸಿ, ಹೊರಕ್ಕೆ ಎಳೆಯಿರಿ. ನಾಲ್ಕು ಮೂಲೆಗಳಲ್ಲೂ ಹೀಗೆ ಮಾಡಿ, ಹೆಚ್ಚು ಕಸ ಕೂತಿರುವುದು ಅಲ್ಲೇ. ಸೇಫ್ಟಿ ಪಿನ್, ಸೂಜಿ, ಸಿಮ್ ತೆಗೆಯುವ ಪಿನ್ ಯಾವುದನ್ನೂ ಬಳಸಬೇಡಿ. ಲೋಹ ತಾಗಿ ಶಾರ್ಟ್ ಆಗಬಹುದು, ನಾಲಿಗೆ ಮುರಿದರಂತೂ ಜ್ಯಾಕನ್ನೇ ಬದಲಿಸಬೇಕು. ಬಾಯಿಂದ ಊದುವುದೂ ಬೇಡ, ಉಸಿರಿನ ತೇವ ಒಳಗೆ ಕೂರುತ್ತದೆ.

ಹಸಿರು ಕಿಲುಬು ಕಂಡರೆ 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಮೆತ್ತನೆ ಬ್ರಷ್‌ನಿಂದ ಒರೆಸಿ, ಅರ್ಧ ಗಂಟೆ ಒಣಗಲು ಬಿಟ್ಟು ಆನ್ ಮಾಡಿ.

ಇಷ್ಟಾದರೂ ಸರಿಹೋಗದಿದ್ದರೆ ಅಂಗಡಿಗೆ ಹೋಗಿ, ಆದರೆ ಒಂದು ಪ್ರಶ್ನೆ ಕೇಳಿ: "ಹೋಗಿರುವುದು ಮದರ್‌ಬೋರ್ಡೋ, ಸಿಸಿ ಬೋರ್ಡೋ?" ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಚಾರ್ಜಿಂಗ್ ಜ್ಯಾಕ್ ಕೆಳಗಡೆಯ ಪುಟ್ಟ ಬೋರ್ಡಿನ ಮೇಲಿರುತ್ತದೆ. ಅದನ್ನೇ ಅಂಗಡಿಯವರು ಸಿಸಿ ಬೋರ್ಡ್, ಸಬ್ ಬೋರ್ಡ್ ಎನ್ನುವುದು. ಅದನ್ನು ಬೆಸುಗೆಯಿಲ್ಲದೆ ಬದಲಿಸಬಹುದು, ಮದರ್‌ಬೋರ್ಡ್ ಕೆಲಸಕ್ಕಿಂತ ಬಹಳ ಅಗ್ಗ. ಎರಡಕ್ಕೂ 'ಬೋರ್ಡ್' ಎಂಬ ಒಂದೇ ಹೆಸರು ಹೇಳಿ ಒಂದೇ ದರ ಕೇಳುವ ಅಂಗಡಿಯಿಂದ ಎದ್ದು ಬನ್ನಿ.

ಡೆಲಿವರಿ ಕೆಲಸ ಮಾಡುತ್ತೇನೆ. ಬೈಕಿನ ಹ್ಯಾಂಡಲ್ ಮೇಲೆ ಫೋನ್ ಸಿಕ್ಕಿಸಿ ಮ್ಯಾಪ್ ಹಾಕಿಕೊಂಡು ಓಡಾಡುವುದು. 35% ಇರುವಾಗಲೇ ಫೋನು ದಢಕ್ಕನೆ ಆಫ್ ಆಗುತ್ತದೆ. ಚಾರ್ಜರ್ ಹಾಕಿದ ಕೂಡಲೇ ಮತ್ತೆ 30% ತೋರಿಸುತ್ತದೆ. ಬ್ಯಾಟರಿ ಇದ್ದೂ ಏಕೆ ಹೀಗೆ?
— ಓದುಗರು, ಹಡಪ್ಸರ್, ಪುಣೆ

ನಿಮ್ಮ ಬ್ಯಾಟರಿಗೆ ಮುಪ್ಪು ಬಂದಿದೆ. ವಯಸ್ಸಾದಂತೆ ಅದರ ಒಳಗಿನ ರೋಧ ಏರುತ್ತದೆ. ಕಿಲುಬು ಕಟ್ಟಿದ ಹಳೆ ಪೈಪನ್ನು ನೆನೆಯಿರಿ. ಟಾಂಕಿಯಲ್ಲಿ ನೀರಿದ್ದರೂ ಮೂರು ನಲ್ಲಿಗಳನ್ನು ಒಟ್ಟಿಗೆ ತಿರುಗಿಸಿದರೆ ಧಾರೆ ಸೊರಗುತ್ತದೆ. ಜಿಪಿಎಸ್, ಡೇಟಾ, ಬಿಸಿಲಿಗೆಂದು ಏರಿಸಿದ ಬ್ರೈಟ್‌ನೆಸ್ ಮೂರೂ ಒಮ್ಮೆಗೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಅದು ಒಂದು ಮಿತಿಗಿಂತ ಕೆಳಗಿಳಿದರೆ ಫೋನು ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಚಾರ್ಜ್ ನಿಜಕ್ಕೂ ಉಳಿದಿರುತ್ತದೆ, ಅದಕ್ಕೇ ಮತ್ತೆ 30%.

ಲೆಕ್ಕ ಹೀಗಿದೆ. ಐಫೋನ್ 14ರವರೆಗಿನ ಮಾದರಿಗಳ ಬ್ಯಾಟರಿ 500 ಪೂರ್ಣ ಸುತ್ತುಗಳ ನಂತರ ಮೂಲ ಸಾಮರ್ಥ್ಯದ 80% ಉಳಿಸಿಕೊಳ್ಳುವಂತೆ ರೂಪಿಸಿದ್ದು ಎಂದು ಆಪಲ್ ಹೇಳುತ್ತದೆ, 15ರಿಂದ 1000 ಸುತ್ತು. ಅದೇ ಕಾಲದ ಬಹಳಷ್ಟು ಆಂಡ್ರಾಯ್ಡ್ ಬ್ಯಾಟರಿಗಳೂ ಸುಮಾರು ಇದೇ ದಾರಿಯವು. ಇಂದು 60%, ನಾಳೆ 40% ಖರ್ಚಾದರೆ ಒಂದು ಸುತ್ತು. ನಿಮ್ಮ ಕೆಲಸಕ್ಕೆ ದಿನಕ್ಕೆ ಒಂದು ಸುತ್ತಾದರೂ ಬೇಕು, ಅಂದರೆ ಒಂದೂವರೆ ವರ್ಷಕ್ಕೇ 500 ಮುಗಿಯುತ್ತದೆ.

ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಅದು ಅರ್ಧ ಸತ್ಯ. ಶೇಕಡಾ ತೋರಿಸುವ ಲೆಕ್ಕ ಸರಿಯಾಗಬಹುದು, ಸವೆದ ಬ್ಯಾಟರಿ ಹೊಸದಾಗುವುದಿಲ್ಲ. ಬದಲಿಸಲೇಬೇಕು. ಫೋನಿನ ಮಾದರಿ ಸಂಖ್ಯೆ ಹೇಳಿ ಅದಕ್ಕೆ ಸರಿಯಾದ ಬ್ಯಾಟರಿ ಕೇಳಿ. ಲೇಬಲ್ ಮೇಲಿನ ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಹಳೆಯದಕ್ಕೆ ಹೊಂದಬೇಕು. ಅದೇ ಗಾತ್ರದ ಬ್ಯಾಟರಿಗೆ ಮೂಲಕ್ಕಿಂತ ಒಂದೂವರೆ ಪಟ್ಟು ಎಂಎಎಚ್ ಬರೆದಿದ್ದರೆ ನಂಬಬೇಡಿ, ಅಷ್ಟು ಜಾಗದಲ್ಲಿ ಅದು ಹಿಡಿಯುವುದಿಲ್ಲ.

ಇವತ್ತೇ ಒಂದು ಪರೀಕ್ಷೆ ಮಾಡಿ. ಕವರ್ ತೆಗೆದು ಫೋನನ್ನು ಗಾಜಿನ ಮೇಜಿನ ಮೇಲೆ ಇಡಿ. ಕ್ಯಾಮೆರಾ ಉಬ್ಬು ಇಲ್ಲದ ಕಡೆಯೂ ತೂಗಾಡಿದರೆ, ಪರದೆಯ ಅಂಚು ಎದ್ದು ಸಂದಿ ಕಂಡರೆ, ಬ್ಯಾಟರಿ ಊದಿಕೊಂಡಿದೆ. ಒಳಗಿನ ರಾಸಾಯನಿಕ ಒಡೆದು ಅನಿಲವಾಗಿರುತ್ತದೆ. ಅಂಥ ಫೋನನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಚುಚ್ಚಿದರೆ ಬೆಂಕಿ ಹತ್ತುತ್ತದೆ. ತೆಗೆದ ಬ್ಯಾಟರಿಯನ್ನು ಕಸದ ಡಬ್ಬಿಗೂ ಹಾಕಬೇಡಿ. ಕಸದ ಗಾಡಿಯಲ್ಲಿ ಜಜ್ಜಿ ಹೋದರೆ ಅಲ್ಲಿ ಕೆಲಸ ಮಾಡುವವರ ಜೀವಕ್ಕೆ ಅಪಾಯ. ಸರ್ವಿಸ್ ಸೆಂಟರಿಗೋ ಇ-ತ್ಯಾಜ್ಯ ಸಂಗ್ರಹಿಸುವವರಿಗೋ ಕೊಡಿ.

ಹೊಸ ಬ್ಯಾಟರಿ ಬಾಳಬೇಕಾದರೆ ಅದನ್ನು ಬಿಸಿಯಿಂದ ಕಾಪಾಡಿ. ಫೋನುಗಳು ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಸುತ್ತಲಿನ ಬಿಸಿಗೆ ತಯಾರಾದವು. ಏಪ್ರಿಲ್ ಮಧ್ಯಾಹ್ನ ಪುಣೆಯ ನೇರ ಬಿಸಿಲಿನಲ್ಲಿ ಪವರ್ ಬ್ಯಾಂಕ್ ಸಿಕ್ಕಿಸಿಕೊಂಡು ಓಡಿಸುವುದನ್ನು ಬಿಡಿ. ನೆರಳಿನಲ್ಲಿ ಆರ್ಡರ್ ಕಾಯುವಾಗ ಚಾರ್ಜ್ ಮಾಡಿ. ನಿಮ್ಮ ಪ್ರದೇಶದ ಮ್ಯಾಪನ್ನು ಮನೆಯ ವೈಫೈಯಲ್ಲಿ ಆಫ್‌ಲೈನ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಡೇಟಾ ಎಳೆತ ತಗ್ಗುತ್ತದೆ.

'ಸ್ಟೋರೇಜ್ ಫುಲ್' ಎಂದು ಬರುತ್ತಿದೆ, ಫೋಟೋ ತೆಗೆಯಲೂ ಆಗುವುದಿಲ್ಲ. ಮೊಮ್ಮಗನ ಫೋಟೋಗಳು ಹೋಗಬಾರದು.
— ನಿವೃತ್ತ ಶಿಕ್ಷಕಿ, ಮಾಟುಂಗಾ

ಅಮ್ಮಾ, ನಿಮ್ಮ ಜಾಗ ತಿಂದಿರುವುದು ಹೆಚ್ಚಾಗಿ ಗುಂಪುಗಳಿಂದ ಬಂದ ವಿಡಿಯೊಗಳು, ಶುಭೋದಯದ ಚಿತ್ರಗಳು. ಮೊದಲು ಮೊಮ್ಮಗನ ಫೋಟೋಗಳನ್ನು ಮಗನ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಹಾಕಿಸಿ, ಅಲ್ಲಿ ಒಂದೆರಡು ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ', ಅದರೊಳಗೆ 'ಮ್ಯಾನೇಜ್ ಸ್ಟೋರೇಜ್'. ಅಲ್ಲಿ 5 ಎಂಬಿ ಮೀರಿದವು, ಹಲವು ಸಲ ಫಾರ್ವರ್ಡ್ ಆದವು ಬೇರೆಯಾಗಿ ಕಾಣುತ್ತವೆ. ಅಲ್ಲಿಂದ ಶುರು ಮಾಡಿ. ಅದೇ 'ಸ್ಟೋರೇಜ್ ಅಂಡ್ ಡೇಟಾ'ದಲ್ಲಿ ಮೀಡಿಯಾ ತಾನಾಗಿ ಇಳಿಯುವ ಆಯ್ಕೆಗಳಿಂದ ವಿಡಿಯೊ ಗುರುತು ತೆಗೆಯಿರಿ.

ಒಂದು ಎಚ್ಚರ. ಫೋನಿನ ಆ್ಯಪ್ ಪಟ್ಟಿಯಲ್ಲಿ 'ಕ್ಲಿಯರ್ ಕ್ಯಾಶ್', 'ಕ್ಲಿಯರ್ ಡೇಟಾ' ಅಕ್ಕಪಕ್ಕ ಇರುತ್ತವೆ. ಮೊದಲನೆಯದು ತಾತ್ಕಾಲಿಕ ಕಡತ ಅಳಿಸುತ್ತದೆ, ಅಪಾಯವಿಲ್ಲ. ಎರಡನೆಯದನ್ನು ವಾಟ್ಸ್‌ಆ್ಯಪ್‌ಗೆ ಒತ್ತಿದರೆ ಖಾತೆಯಿಂದಲೇ ಹೊರಬೀಳುತ್ತೀರಿ, ಬ್ಯಾಕಪ್ ಇಲ್ಲದಿದ್ದರೆ ಮಾತುಕತೆಗಳೂ ಹೋಗುತ್ತವೆ. ಕೆಲವು ಫೋನುಗಳಲ್ಲಿ ಇದಕ್ಕೆ 'ಕ್ಲಿಯರ್ ಸ್ಟೋರೇಜ್' ಎಂಬ ಹೆಸರಿದೆ. ಮುಟ್ಟಲೇಬೇಡಿ. ಎಂದೂ ಮೂರ್ನಾಲ್ಕು ಜಿಬಿ ಖಾಲಿ ಉಳಿಸಿಕೊಳ್ಳಿ. ಮೆಮೊರಿ ತುಂಬಿ ತುಳುಕಿದರೆ ಹೊಸದನ್ನು ಬರೆಯಲು ಚಿಪ್ ಹಳೆಯದನ್ನು ಸರಿಸಿ ಜಾಗ ಮಾಡಬೇಕು, ಫೋನು ತಡವರಿಸುವುದು ಅದಕ್ಕೇ.

ಬೈನಾ ಕಡಲತೀರದಲ್ಲಿ ಫೋನು ಉಪ್ಪುನೀರಿಗೆ ಬಿತ್ತು. ಅಕ್ಕಿಯಲ್ಲಿ ಹುದುಗಿಸಿಟ್ಟಿದ್ದೇನೆ. ಎಷ್ಟು ದಿನ ಇಡಬೇಕು?
— ಓದುಗರು, ವಾಸ್ಕೊ, ಗೋವಾ

ಒಂದು ದಿನವೂ ಬೇಡ, ಈಗಲೇ ತೆಗೆಯಿರಿ. ಅಕ್ಕಿ ಫೋನಿನೊಳಗಿನ ನೀರನ್ನು ಎಳೆಯುವುದಿಲ್ಲ, ಅದರ ಹುಡಿ ಜ್ಯಾಕಿನೊಳಗೆ ಅಂಟುತ್ತದೆ. ಸಮುದ್ರದ ನೀರಿನ ತೊಂದರೆಯೇ ಬೇರೆ. ನೀರು ಆರಿದರೂ ಉಪ್ಪು ಉಳಿಯುತ್ತದೆ, ಮಳೆಗಾಲದ ಗಾಳಿಯ ತೇವವನ್ನು ಹೀರಿ ಮತ್ತೆ ಒದ್ದೆಯಾಗುತ್ತದೆ. ಬ್ಯಾಟರಿಯ ಕರೆಂಟ್ ಇದ್ದಲ್ಲಿ ತಾಮ್ರದ ಗೆರೆಗಳು ಬೇಗ ಕರಗುತ್ತವೆ. ಆದ್ದರಿಂದ ಆಫ್ ಮಾಡಿ, ಆನ್ ಆಗುತ್ತದೆಯೇ ಎಂದು ಪರೀಕ್ಷಿಸಬೇಡಿ, ಚಾರ್ಜಿಗೂ ಹಾಕಬೇಡಿ. ಸಿಮ್ ಟ್ರೇ ತೆಗೆದು, ಹೊರಮೈಯನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಿ, ಅದೇ ದಿನ ಅಂಗಡಿಗೆ ಒಯ್ದು "ಬ್ಯಾಟರಿ ಕಳಚಿ, ಬೋರ್ಡನ್ನು ಐಪಿಎಯಲ್ಲಿ ತೊಳೆಯಿರಿ" ಎನ್ನಿ. ಐಪಿಎ ಎಂದರೆ ಮೇಲೆ ಹೇಳಿದ ಆಲ್ಕೊಹಾಲೇ. ನೀರು, ಧೂಳು ತಡೆಯುತ್ತದೆಂಬ ಗುರುತಾದ ಐಪಿ68 ಎಂದು ಬರೆದಿದ್ದರೂ ಧೈರ್ಯ ಬೇಡ. ಆ ಪರೀಕ್ಷೆ ನಡೆಯುವುದು ಹೊಸ ಫೋನಿಗೆ, ಸಿಹಿನೀರಿನಲ್ಲಿ. ವರ್ಷಗಳು ಕಳೆದಂತೆ ಅಂಟು, ರಬ್ಬರು ಸಡಿಲವಾಗುತ್ತವೆ.

ಕರೆ ಮಾಡಿದರೆ ನನ್ನ ದನಿ ಆ ಕಡೆಯವರಿಗೆ ಕೇಳಿಸುವುದಿಲ್ಲ.
— ಹೋಟೆಲ್ ಉದ್ಯೋಗಿ, ಠಾಣೆ

ಕವರ್ ತೆಗೆದು ಮಾತಾಡಿ ನೋಡಿ, ತೂತು ಸರಿಯಾಗಿ ಕೂರದ ಕವರಿನಿಂದಲೇ ಹೀಗಾಗುವುದು ಹೆಚ್ಚು. ನಂತರ ರೆಕಾರ್ಡರ್ ಆ್ಯಪಿನಲ್ಲಿ ಮಾತಾಡಿ ಕೇಳಿಸಿಕೊಳ್ಳಿ. ಅಲ್ಲಿ ಸ್ಪಷ್ಟವಿದ್ದರೆ ದೋಷ ನೆಟ್‌ವರ್ಕಿನದಿರಬಹುದು. ಅಲ್ಲೂ ಮಂಕಾಗಿದ್ದರೆ ಕೆಳಗಿನ ಮೈಕಿನ ತೂತಿಗೆ ಅಡಿಗೆಮನೆಯ ಎಣ್ಣೆ, ಹಿಟ್ಟು ಕಟ್ಟಿರಬಹುದು. ಒಣ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಪಿನ್ನಿನಿಂದ ಚುಚ್ಚಿದರೆ ಒಳಗಿನ ಪೊರೆ ಹರಿಯುತ್ತದೆ.

ಆಂಡ್ರಾಯ್ಡ್ 6ರ ಫೋನು. ಹಲವು ವೆಬ್‌ಸೈಟುಗಳು 'ಸಂಪರ್ಕ ಸುರಕ್ಷಿತವಲ್ಲ' ಎನ್ನುತ್ತವೆ. ಬ್ಯಾಂಕಿನ ಆ್ಯಪ್ ತೆರೆಯುವುದಿಲ್ಲ. ಬೇರೆಯವರಿಗೆ ಕೊಟ್ಟುಬಿಡಲೇ?
— ಓದುಗರು, ನೆರುಳ್, ನವಿ ಮುಂಬಯಿ

ಮೊದಲು ದಿನಾಂಕ, ಸಮಯ ಸರಿಯಿದೆಯೇ ನೋಡಿ, ತಪ್ಪಿದ್ದರೂ ಇದೇ ಎಚ್ಚರಿಕೆ ಬರುತ್ತದೆ. ಸರಿಯಿದ್ದರೆ ಕಾರಣ ಫೋನಿನ ವಯಸ್ಸು. ತಾಣ ಅಸಲಿಯೆಂದು ಫೋನಿಗೆ ತೋರಿಸಲು ಅಸಂಖ್ಯ ತಾಣಗಳು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುವ ಪ್ರಮಾಣಪತ್ರ ಬಳಸುತ್ತವೆ. ಅದನ್ನು ಪರಿಶೀಲಿಸಲು ಫೋನಿನಲ್ಲೇ ಇರಬೇಕಾದ ಆ ಸಂಸ್ಥೆಯ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳಲ್ಲಿ ಇಲ್ಲ. ಅವಕ್ಕೆಂದು ಮಾಡಿದ್ದ ತಾತ್ಕಾಲಿಕ ಏರ್ಪಾಡು 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಕ್ರೋಮ್ ಕೂಡ 2025ರ ಆಗಸ್ಟ್‌ನ 139ನೇ ಆವೃತ್ತಿಯಿಂದ ಆಂಡ್ರಾಯ್ಡ್ 10 ಕೇಳುತ್ತದೆ. ಬ್ಯಾಂಕಿನ ಆ್ಯಪನ್ನು ಎಲ್ಲಿಂದಲೋ ಇಳಿಸಿ ಬಲವಂತವಾಗಿ ಹಾಕಬೇಡಿ, ಹಣದ ವಿಚಾರದಲ್ಲಿ ಇದು ಬೇಡವೇ ಬೇಡ. ಹಾಡು, ಅಲಾರಂ, ಲೆಕ್ಕಾಚಾರಕ್ಕೆ ಈ ಫೋನು ಇನ್ನೂ ಚೆನ್ನಾಗಿ ನಡೆಯುತ್ತದೆ.

ಕೊಡುವುದಾದರೆ ಅದಕ್ಕೊಂದು ಕ್ರಮವಿದೆ. ಫೋಟೋಗಳನ್ನು ಬೇರೆಡೆ ಇರಿಸಿ. ಸೆಟ್ಟಿಂಗ್ಸ್‌ನ 'ಅಕೌಂಟ್ಸ್'ನಲ್ಲಿ ಗೂಗಲ್ ಖಾತೆಯನ್ನು ತೆಗೆಯಿರಿ, ಅದಾದ ಮೇಲೆ ಸೆಟ್ಟಿಂಗ್ಸ್‌ನಿಂದಲೇ ಫ್ಯಾಕ್ಟರಿ ರಿಸೆಟ್ ಮಾಡಿ. ಖಾತೆ ತೆಗೆಯದೆ ಗುಂಡಿಗಳನ್ನು ಒತ್ತಿ ರಿಸೆಟ್ ಮಾಡಿದರೆ ಫೋನು ನಿಮ್ಮ ಹಳೆ ಖಾತೆಯ ಪಾಸ್‌ವರ್ಡನ್ನೇ ಕೇಳುತ್ತದೆ, ಪಡೆದವರಿಗೆ ಉಪಯೋಗಕ್ಕೆ ಬಾರದು. ಕೈಬದಲಾಯಿಸುವ ಮುನ್ನ ಸಿಮ್ ಜೊತೆಗೆ ಮೆಮೊರಿ ಕಾರ್ಡನ್ನೂ ತೆಗೆದುಕೊಳ್ಳಿ, ರಿಸೆಟ್ ಆದರೂ ಕಾರ್ಡಿನಲ್ಲಿದ್ದದ್ದು ಹಾಗೇ ಉಳಿದಿರಬಹುದು.