ಪ್ರಬಂಧ ಓದಲು ಕಾಗದವೋ, ಪರದೆಯೋ?

ಪ್ರಶ್ನೆ: ನಾನು ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಪೇಪರ್‌ಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲೇ ಓದುತ್ತೇನೆ. ಓದುವಾಗ ಅರ್ಥವಾದಂತೆಯೇ ಇರುತ್ತದೆ. ಗೈಡ್ ಎದುರು ಕುಳಿತಾಗ ಅರ್ಧವೂ ನೆನಪಿಗೆ ಬರುವುದಿಲ್ಲ. ಪ್ರಿಂಟ್ ತೆಗೆದು ಓದಬೇಕೆಂದು ಅವರು ಹೇಳುತ್ತಾರೆ. ಎಲ್ಲವನ್ನೂ ಮುದ್ರಿಸಿಕೊಳ್ಳುವಷ್ಟು ಹಣ ನನ್ನಲ್ಲಿಲ್ಲ. ಅವರ ಮಾತಿಗೆ ಆಧಾರವಿದೆಯೇ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆಧಾರವಿದೆ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮಾಹಿತಿಪ್ರಧಾನ ಬರಹಗಳನ್ನು ಕಾಗದದಲ್ಲಿ ಓದಿದವರ ಗ್ರಹಿಕೆ ಪರದೆಯಲ್ಲಿ ಓದಿದವರದಕ್ಕಿಂತ ತುಸು ಮೇಲಾಗಿತ್ತು. ಕಥೆಗಳ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ನಿಮ್ಮ ತೊಂದರೆಗೆ ಇನ್ನೂ ಹತ್ತಿರವಾದದ್ದು ಇಸ್ರೇಲಿನ ಅಕರ್‌ಮನ್ ಮತ್ತು ಗೋಲ್ಡ್‌ಸ್ಮಿತ್ 2011ರಲ್ಲಿ ಪ್ರಕಟಿಸಿದ ಪ್ರಯೋಗ. ಓದಲು ಇಂತಿಷ್ಟೇ ಸಮಯವೆಂದು ನಿಗದಿಪಡಿಸಿದಾಗ ಎರಡೂ ಗುಂಪಿನವರು ಹೆಚ್ಚುಕಡಿಮೆ ಸಮನಾಗಿದ್ದರು; ಎಷ್ಟು ಹೊತ್ತು ಓದಬೇಕೆಂಬುದನ್ನು ಓದುಗರಿಗೇ ಬಿಟ್ಟಾಗ ಪರದೆಯವರು ಹಿಂದೆ ಬಿದ್ದರು, ಆದರೂ ತಮಗೆ ಚೆನ್ನಾಗಿ ತಿಳಿದಿದೆ ಎಂದೇ ನಂಬಿದ್ದರು. 'ಅರ್ಥವಾದಂತೆಯೇ ಇರುತ್ತದೆ' ಎಂದು ನೀವು ಬರೆದಿರುವುದು ಇದನ್ನೇ. ಇದನ್ನು ನಿಮ್ಮ ಬುದ್ಧಿಯ ಕೊರತೆಯೆಂದು ದಯವಿಟ್ಟು ಭಾವಿಸಬೇಡಿ. ಓದನ್ನು ಎಲ್ಲಿ ನಿಲ್ಲಿಸಬೇಕೆಂಬ ಅಂದಾಜು ಪರದೆಯ ಮುಂದೆ ತಪ್ಪುತ್ತದೆ, ಅಷ್ಟೇ.

ಹಾಗೆಂದು ಎಲ್ಲವನ್ನೂ ಮುದ್ರಿಸಬೇಕಾಗಿಲ್ಲ. ಹುಡುಕುವುದಕ್ಕೆ, ಸಾರಾಂಶ ನೋಡಿ ಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ, ಉಲ್ಲೇಖದ ಜಾಡು ಹಿಡಿಯುವುದಕ್ಕೆ ಪರದೆಯೇ ಮೇಲು. ನಿಮ್ಮ ಸ್ವಂತ ಲೆಕ್ಕಾಚಾರ ಯಾವ ಪೇಪರ್‌ಗಳ ಮೇಲೆ ನಿಂತಿದೆಯೋ ಅವನ್ನು ಮಾತ್ರ ಮುದ್ರಿಸಿಕೊಂಡು, ಒಂದು ಸಮೀಕರಣದಿಂದ ಮುಂದಿನದಕ್ಕೆ ಲೇಖಕರು ಹೇಗೆ ಬಂದರೆಂಬುದನ್ನು ಪೆನ್ಸಿಲಿನಲ್ಲಿ ಅಂಚಿನಲ್ಲೇ ಬಿಡಿಸುತ್ತ ಓದಿ. ಪರದೆಯಲ್ಲೇ ಓದಬೇಕಾದಾಗ, ಒಂದೊಂದು ಭಾಗ ಮುಗಿದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿ, ತಿಳಿದದ್ದನ್ನು ನಾಲ್ಕು ಸಾಲು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಆ ಭಾಗಕ್ಕೇ ಮರಳಿ.

ಮುದ್ರಿತ ಪ್ರತಿಗೂ ಒಂದು ದೋಷವಿದೆ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಆರಂಭಿಸಿದ, ನಿಮ್ಮ ಕ್ಷೇತ್ರದವರೆಲ್ಲ ಬಳಸುವ ಆರ್ಕೈವ್ (arXiv) ಎಂಬ ಪೇಪರ್‌ಗಳ ಜಾಲತಾಣದಲ್ಲಿ ಲೇಖಕರು ತಿದ್ದಿದ ಆವೃತ್ತಿಗಳನ್ನು ಮತ್ತೆ ಮತ್ತೆ ಸೇರಿಸಬಹುದು. ಮೇಜಿನ ಮೇಲಿನ ಕಾಗದಕ್ಕೆ ಅದು ತಿಳಿಯದು. ಆದ್ದರಿಂದ ಪ್ರಬಂಧದಲ್ಲಿ ಉಲ್ಲೇಖಿಸುವ ಮೊದಲು ನಿಮ್ಮ ಪ್ರತಿಯ ಆವೃತ್ತಿಸಂಖ್ಯೆಯನ್ನು ತಾಣದಲ್ಲಿ ಇರುವುದರೊಂದಿಗೆ ಹೋಲಿಸಿ. ಬಣ್ಣದ ಗೆರೆಗಳಿರುವ ಗ್ರಾಫ್‌ಗಳನ್ನು ಪರದೆಯಲ್ಲೇ ನೋಡಿ. ಕಪ್ಪುಬಿಳುಪಿನಲ್ಲಿ ಅವು ಒಂದರಂತೆ ಇನ್ನೊಂದು ಕಾಣುತ್ತವೆ. ಖರ್ಚು ಉಳಿಸಲೆಂದು ಒಂದೇ ಮಗ್ಗುಲಿಗೆ ಎರಡು ಪುಟ ಹಾಕಿಸಬೇಡಿ, ಸಮೀಕರಣಗಳ ಸಣ್ಣ ಅಂಕಿಗಳು ಕಣ್ಣಿಗೆ ನಿಲುಕುವುದಿಲ್ಲ. ಹಾಳೆಯ ಎರಡೂ ಮಗ್ಗುಲಿಗೆ ಮುದ್ರಿಸಿದರೆ ಸಾಕು.