ಗಿಟಾರ್ ಒಂದು ಹೆಜ್ಜೆ ಹಿಂದೆ ಸರಿದಾಗ

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಾಲೇಜಿನ ದಿನಗಳಲ್ಲಿ ಡೈರ್ ಸ್ಟ್ರೇಟ್ಸ್ ಎಂಬ ಬ್ರಿಟಿಷ್ ರಾಕ್ ಬ್ಯಾಂಡಿನ ಕ್ಯಾಸೆಟ್ಟನ್ನು ಟೇಪ್ ಸವೆಯುವವರೆಗೆ ಕೇಳಿದವರು ನೀವು. ಮೊನ್ನೆ ಫೋನಿನಲ್ಲಿ ಯಾವುದೋ ಹಾಡು ತಾನಾಗಿ ಬಂತು, ದನಿ ಗುರುತು ಸಿಕ್ಕಿತು, ನೋಡಿದರೆ ಅದೇ ಬ್ಯಾಂಡಿನಲ್ಲಿ ಹಾಡಿ ಗಿಟಾರ್ ನುಡಿಸುತ್ತಿದ್ದ ಮಾರ್ಕ್ ನಾಫ್ಲರ್ ಎಂದಿದ್ದೀರಿ. ಆಮೇಲೆ ಕೇಳಿದ್ದೀರಿ: "ಆ ಬೆರಳುಗಳ ವೇಗ ಎಲ್ಲಿ ಹೋಯಿತು? ಅವರಿಗೆ ವಯಸ್ಸಾಯಿತಾ, ಅಥವಾ ನನಗೇ ಕೇಳಲು ಬರುತ್ತಿಲ್ಲವಾ?"

ಇದು ನನ್ನ ಪ್ರಶ್ನೆಯೂ ಆಗಿತ್ತು. 1995ರಲ್ಲಿ ಬ್ಯಾಂಡ್ ಮುಗಿಯಿತು. ಮರುವರ್ಷ ಅವರದೇ ಹೆಸರಿನಲ್ಲಿ 'ಗೋಲ್ಡನ್ ಹಾರ್ಟ್' ಆಲ್ಬಮ್ ಬಂತು. ಒಂದು ಸಲ ಕೇಳಿ ಪಕ್ಕಕ್ಕಿಟ್ಟೆ. ದೊಡ್ಡ ಗಿಟಾರ್ ಸೋಲೋ ಈಗ ಬರುತ್ತೆ, ಈಗ ಬರುತ್ತೆ ಅಂತ ಕಾಯುತ್ತಲೇ ಕೂತಿದ್ದೆ. ಹಾಗೆ ಕಾಯುವವರ ಕಿವಿಗೆ ಹಾಡು ಬೀಳುವುದಿಲ್ಲ.

ನನ್ನ ಕಿವಿ ತೆರೆಸಿದ್ದು 2000ದ 'ಸೇಲಿಂಗ್ ಟು ಫಿಲಡೆಲ್ಫಿಯಾ'. ಅದರ ಹೆಸರಿನ ಹಾಡಿನಲ್ಲಿ ಇಬ್ಬರು ಮಾತಾಡುತ್ತಾರೆ. ಒಬ್ಬರು ಜೆರೆಮಯಾ ಡಿಕ್ಸನ್, ಇನ್ನೊಬ್ಬರು ಚಾರ್ಲ್ಸ್ ಮೇಸನ್. 1763ರಿಂದ 1767ರವರೆಗೆ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ಮತ್ತು ಮೇರಿಲ್ಯಾಂಡ್ ನಡುವಿನ ಗಡಿ ಅಳೆದ ಇಂಗ್ಲಿಷ್ ಸರ್ವೇಯರುಗಳು. ಡಿಕ್ಸನ್ ಇಂಗ್ಲೆಂಡಿನ ಈಶಾನ್ಯ ಭಾಗದವನು. ನಾಫ್ಲರ್ ಬೆಳೆದದ್ದೂ ಅದೇ ಸೀಮೆಯಲ್ಲಿ. ಹಾಗಾಗಿ ಡಿಕ್ಸನ್ ಪಾಲು ಅವರದು, ಮೇಸನ್ ಪಾಲು ಅಮೆರಿಕದ ಗಾಯಕ ಜೇಮ್ಸ್ ಟೇಲರ್ ಅವರದು. ಒಬ್ಬನಿಗೆ ಹೊಸ ನಾಡಿನ ಆಸೆ, ಇನ್ನೊಬ್ಬನಿಗೆ ಅಳುಕು. ಇಬ್ಬರ ಮಾತಿನ ನಡುವೆ ಗಿಟಾರ್ ನಾಲ್ಕೇ ಸ್ವರದಲ್ಲಿ "ಹೂಂ" ಅಂದು ಸುಮ್ಮನಾಗುತ್ತದೆ. ಆ "ಹೂಂ" ಕೇಳಿಸಿದ ದಿನ ವೇಗದ ಪ್ರಶ್ನೆ ನನ್ನ ಮನಸ್ಸಿನಿಂದ ಹೋಯಿತು.

ಬೆರಳುಗಳು ಅವೇ. ನಾಫ್ಲರ್ ಹುಟ್ಟಾ ಎಡಚರು, ಆದರೆ ನುಡಿಸುವುದು ಬಲಗೈ ಗಿಟಾರ್. ತಂತಿ ಮೀಟುವ ಚಿಕ್ಕ ಬಿಲ್ಲೆ, ಅಂದರೆ ಪಿಕ್, ಹಿಡಿಯದೆ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳಿಂದಲೇ ತಂತಿ ಮೀಟುತ್ತಾರೆ. ಚರ್ಮ ತಂತಿಗೆ ತಾಗುವ ಮೆತ್ತನೆಯ ಸದ್ದು, ಆಮೇಲೆ ಚಿಟಿಕೆ ಹೊಡೆದಂಥ ಒಂದು ಪೆಟ್ಟು. ಬ್ಯಾಂಡಿನ ಗದ್ದಲದಲ್ಲಿ ಪೆಟ್ಟು ಮಾತ್ರ ಕೇಳಿಸುತ್ತಿತ್ತು. ಈಗ ಚರ್ಮದ ಸದ್ದೂ ಕೇಳಿಸುತ್ತದೆ. 2003ರಲ್ಲಿ ಲಂಡನ್ನಿನಲ್ಲಿ ಬೈಕ್ ಅಪಘಾತವಾಗಿ ಅವರ ಕೊರಳ ಮೂಳೆ, ಪಕ್ಕೆಲುಬು ಮುರಿದವು, ತಿಂಗಳುಗಟ್ಟಲೆ ಗಿಟಾರ್ ಹಿಡಿಯಲಾಗಲಿಲ್ಲ. ಆದರೆ ಈ ನಿಧಾನ ಅದಕ್ಕೂ ಮೊದಲೇ ಶುರುವಾಗಿತ್ತು. ಅದು ಅವರೇ ಬೇಕೆಂದು ಆರಿಸಿಕೊಂಡದ್ದು ಅಂತಲೇ ನನ್ನ ನಂಬಿಕೆ.

ಪತ್ರಿಕೆ ಕೆಲಸದವನಾದ್ದರಿಂದ ನನಗೆ ಜಾಸ್ತಿ ಹತ್ತಿರವಾದ ಹಾಡು ಬೇರೆ. 2015ರ 'ಟ್ರ್ಯಾಕರ್' ಆಲ್ಬಮ್ಮಿನ 'ಬೇಸಿಲ್'. ನಾಫ್ಲರ್ ಹದಿನೈದರ ಹುಡುಗನಾಗಿದ್ದಾಗ ನ್ಯೂಕ್ಯಾಸಲ್ಲಿನ ಈವನಿಂಗ್ ಕ್ರಾನಿಕಲ್ ಪತ್ರಿಕೆಯಲ್ಲಿ ಕಾಪಿ ಬಾಯ್ ಆಗಿದ್ದರು. ವರದಿ ಬರೆದ ಹಾಳೆಗಳನ್ನು ಮೇಜಿನಿಂದ ಮೇಜಿಗೆ ತಲುಪಿಸುವ ಕೆಲಸ. ಅಲ್ಲಿ ಒಂದು ಮೇಜಿನಲ್ಲಿ ವಯಸ್ಸಾದ ಒಬ್ಬ ಸಬ್ ಎಡಿಟರ್ ಕೂತಿರುತ್ತಿದ್ದರು. ಅವರೇ ಕವಿ ಬೇಸಿಲ್ ಬಂಟಿಂಗ್. ಹೊಟ್ಟೆಪಾಡಿಗೆ ಬೇರೆಯವರ ಸುದ್ದಿ ತಿದ್ದುತ್ತಾ, ತನ್ನ ಕವಿತೆಗೆ ಬೇಕಾದ ಹೊತ್ತು ಕಳೆದುಹೋಗುವುದನ್ನು ನೋಡುತ್ತಾ ಇದ್ದ ಮನುಷ್ಯ. 1966ರಲ್ಲಿ ಅವರ 'ಬ್ರಿಗ್‌ಫ್ಲಾಟ್ಸ್' ಎಂಬ ದೀರ್ಘ ಕವಿತೆ ಹೊರಬಂದು ಹೆಸರು ಮಾಡಿತು. ಆ ಹುಡುಗ ಕಂಡದ್ದನ್ನು ಐವತ್ತು ವರ್ಷ ಒಳಗೇ ಇಟ್ಟುಕೊಂಡು, ತಾನೂ ಆ ವಯಸ್ಸಿಗೆ ಬಂದ ಮೇಲೆ ಹಾಡಾಗಿಸಿದ. ಇಪ್ಪತ್ತೈದರಲ್ಲಿ ಇದನ್ನು ಬರೆಯಲು ಆಗುತ್ತಿತ್ತಾ? ಖಂಡಿತ ಇಲ್ಲ.

2009ರ 'ಗೆಟ್ ಲಕ್ಕಿ' ಆಲ್ಬಮ್ಮಿನ ಕೊನೆಯ ಹಾಡು 'ಪೈಪರ್ ಟು ದಿ ಎಂಡ್' ಕೂಡ ಹಾಗೆಯೇ. ಸೇನೆಯಲ್ಲಿ ಬ್ಯಾಗ್‌ಪೈಪ್ ನುಡಿಸುತ್ತಿದ್ದ ಅವರ ಸೋದರಮಾವ 1940ರ ಮೇ ತಿಂಗಳಲ್ಲಿ, ಫ್ರಾನ್ಸಿನ ಅರಾಸ್ ಬಳಿ ಯುದ್ಧದಲ್ಲಿ ಸತ್ತರು. ನಾಫ್ಲರ್ ಹುಟ್ಟಿದ್ದು 1949ರಲ್ಲಿ. ಕಣ್ಣಾರೆ ಕಾಣದ ಮಾವನಿಗೆ ಬರೆದ ಹಾಡು. ಇದನ್ನು ರಾತ್ರಿ ಒಬ್ಬರೇ ಇದ್ದಾಗ ಕೇಳಿ.

ಎಲ್ಲಿಂದ ಶುರು ಮಾಡಲಿ ಎಂದೂ ಕೇಳಿದ್ದೀರಿ. ಫಿಲಡೆಲ್ಫಿಯಾದಿಂದಲೇ ಮಾಡಿ. ಅಮೆರಿಕದ ಗಾಯಕಿ ಎಮ್ಮಿಲೂ ಹ್ಯಾರಿಸ್ ಜೊತೆಗಿನ 2006ರ ಆಲ್ಬಮ್ ಆಮೇಲಿರಲಿ. 2024ರ 'ಒನ್ ಡೀಪ್ ರಿವರ್' ಕೊನೆಗೆ. ನಡುವೆ 'ಬೇಸಿಲ್' ಕೇಳಿದ ದಿನ ಡೈರ್ ಸ್ಟ್ರೇಟ್ಸ್‌ನ ನಿಮ್ಮ ಹಳೇ ಹಾಡು 'ಸುಲ್ತಾನ್ಸ್ ಆಫ್ ಸ್ವಿಂಗ್' ಹಾಕಿ ನೋಡಿ. ಅದರ ಗಿಟಾರ್ ನಿಮಗೆ ಬಾಯಿಪಾಠ, ಅಲ್ವಾ? ಈ ಸಲ ಅದನ್ನು ಬಿಟ್ಟು ಜನರನ್ನು ಕೇಳಿಸಿಕೊಳ್ಳಿ. ಅಲ್ಲೊಬ್ಬ ಹ್ಯಾರಿ ಇದ್ದಾನೆ. ಹಗಲು ಒಂದು ನೌಕರಿ, ರಾತ್ರಿ ಪಬ್ಬಿನಲ್ಲಿ ಜಾಝ್. ಬೇಸಿಲ್ ಪಕ್ಕದ ಮೇಜಿನಲ್ಲಿ ಕೂರಬಹುದಾದವನು. 1978ರಿಂದಲೂ ಅಲ್ಲೇ ಇದ್ದ. ಅವನು ನಿಮಗೆ ಸಿಕ್ಕಿದ ಮೇಲೆ ಇನ್ನೊಂದು ಪತ್ರ ಬರೆಯಿರಿ.

ಸಂಪಾದಕ